ಪಡುವಣ ಗೋಡೆಯ ಪೈನ್ ಗಿಡಗಳು

ಪದ್ಮನಾಭಯ್ಯ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದದ್ದು ಐವತ್ತಮೂರನೇ ಇಸವಿಯ ಮಳೆಗಾಲದಲ್ಲಿ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚು. ಗಾಳಿ ಎದ್ದರೆ ಕೆಂಪು ಧೂಳು ಅಡುಗೆಮನೆಯ ಡಬ್ಬಿಗಳ ಮೇಲೂ ಕೂರುತ್ತಿತ್ತು. ನೆರಳು ಕೊಡುವ ಒಂದು ಮರವೂ ಇಲ್ಲದ ಬೀದಿ ಅದು. ಅಲ್ಲಿಗೆ ಗಿಡಗಳ ಹುಚ್ಚಿನ ಒಬ್ಬ ಮನುಷ್ಯ ಬಂದು ಸೇರಿದ್ದು ನಮಗೆಲ್ಲ ತಮಾಷೆಯಾಗಿ ಕಂಡಿತ್ತು. ಯಾರ ಮನೆಯ ಮುಂದೆ ದಾಸವಾಳ ಕಂಡರೂ ಸೈಕಲ್ ನಿಲ್ಲಿಸಿ, ಎಲೆಯನ್ನು ಮಗುಚಿ ಹಿಂಬದಿ ನೋಡಿಯೇ ಮುಂದೆ ಹೋಗುತ್ತಿದ್ದರು. ಬಯ್ದರೆ ಕ್ಷಮೆ ಕೇಳಿ, ಗಿಡಕ್ಕೆ ಏನು ಮಾಡಬೇಕೆಂದು ಹೇಳುತ್ತಿದ್ದರು.

ಸಸ್ಯಶಾಸ್ತ್ರ ಓದಿಕೊಂಡಿದ್ದ ಅವರು ತುಮಕೂರಿನ ಒಂದು ಬೀಜದ ಉಗ್ರಾಣದಲ್ಲಿ ಗುಮಾಸ್ತರಾಗಿ ಕೆಲವು ವರ್ಷ ಸವೆದಿದ್ದರು. ಮೊಳೆಯದ ಬೀಜಗಳ ನಡುವೆ ಬದುಕು ಕಳೆಯಿತಲ್ಲ ಎಂಬ ಕೊರಗು ಅವರಿಗಿತ್ತು. ಮಾಗಡಿ ರಸ್ತೆಯ ಆಚೆ, ಹೊಲಗಳ ನಡುವೆ ಹೊಸದಾಗಿ ಎದ್ದಿದ್ದ ಭಾರ್ಗವ ಗೊಬ್ಬರದ ಕಾರ್ಖಾನೆಯವರು ತೋಟದ ಮೇಲ್ವಿಚಾರಕರು ಬೇಕೆಂದು ಕರೆದಾಗ ಹೆಂಡತಿ ವತ್ಸಲಾಳನ್ನು ಕರೆದುಕೊಂಡು ಓಡಿಬಂದಿದ್ದರು. ಮುಂದಿನ ಕಥೆಯ ಬಹುಪಾಲು ನಾನು ಕೇಳಿದ್ದು ಆ ವತ್ಸಲಮ್ಮನ ಬಾಯಿಂದಲೇ.

ಕಾರ್ಖಾನೆಯ ಮ್ಯಾನೇಜರು ಶ್ಯಾಮಸುಂದರ ಎಂಬುವರು. ಬಿಳಿ ಪ್ಯಾಂಟು, ಮೆತ್ತಗಿನ ಮಾತು. ಬೇಸಿಗೆಯಲ್ಲಿ ಊಟಿಗೆ ಹೋಗಿ ಬಂದಿದ್ದ ಅವರ ಮನಸ್ಸಿನಲ್ಲಿ ಪೈನ್ ಮರಗಳು ನಿಂತುಬಿಟ್ಟಿದ್ದವು.

"ಪಡುವಣ ಗೋಡೆ ಉದ್ದಕ್ಕೂ ಪೈನ್ ಗಿಡ ಬೇಕು ನನಗೆ," ಎಂದಿದ್ದರು ಮೊದಲ ದಿನವೇ. "ಬಂದೋರು ಗೇಟ್ ಒಳಗೆ ಕಾಲಿಟ್ಟರೆ ಇದು ಕಾರ್ಖಾನೆನೋ ಊಟಿನೋ ಅಂತ ಮರೀಬೇಕು. ಬರುತ್ತಾ ಇಲ್ಲಿ?"

"ಬರಿಸ್ತೀನಿ ಸಾರ್," ಎಂದರು ಪದ್ಮನಾಭಯ್ಯ.

ನೀಲಗಿರಿಯಿಂದ ಲಾರಿಯಲ್ಲಿ ಸಸಿಗಳು ಬಂದವು. ಒಂದೊಂದೂ ಮೊಣಕಾಲೆತ್ತರ, ಬುಡಕ್ಕೆ ಗೋಣಿ ಸುತ್ತಿದ ಎಳೆಯ ಗಿಡಗಳು. ಗುಂಡಿ ತೋಡಿಸಿ, ಕೆಂಪು ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಸಾಲು ಹಿಡಿದು ತಾವೇ ನೆಟ್ಟರು. ಸಾಲುಗಳ ಹಿಂದೆಯೇ ಆಸಿಡ್ ತಯಾರಾಗುವ ಶೆಡ್ಡು. ಅದರ ಮೇಲೆ ತಗಡಿನ ಗಿಡ್ಡ ಚಿಮಣಿ. ಗೋಡೆಯ ಆಚೆ ಹನುಮಕ್ಕ ಎಂಬುವಳ ಹೊಲ. ನೆಟ್ಟಗೆ ಮಾತಾಡುವ, ಗಟ್ಟಿ ಮೈಯ ಹೆಂಗಸು. ಸೇವಂತಿಗೆ, ಕನಕಾಂಬರ ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದಳು.

ಗಿಡಗಳು ಹಿಡಿದುಕೊಂಡವು. ಹಿಡಿದುಕೊಂಡವು ಎಂದರೆ ಸಾಲದು, ಹಟಕ್ಕೆ ಬಿದ್ದಂತೆ ಬೆಳೆದವು. ಊಟಿಯಲ್ಲೂ ಅಷ್ಟು ಕಡುಹಸಿರಿನ ಪೈನ್ ಅನ್ನು ಪದ್ಮನಾಭಯ್ಯ ಕಂಡಿರಲಿಲ್ಲ. ಸೂಜಿಯಂಥ ಎಲೆಗಳು ನೀಳವಾಗಿ, ದಟ್ಟವಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಮ್ಯಾನೇಜರು ಬಂದವರಿಗೆಲ್ಲ ಇವರನ್ನು ಪರಿಚಯ ಮಾಡಿಸುತ್ತಿದ್ದರು. ಭಾನುವಾರ ವತ್ಸಲಾಳನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಸಾಲುಗಳ ನಡುವೆ ನಿಂತ ಅವಳು, "ಚೆನ್ನಾಗಿವೆ. ಆದ್ರೆ ಒಂದು ಹಕ್ಕೀನೂ ಕೂತಿಲ್ಲವಲ್ಲ," ಎಂದಳಂತೆ. ಸಸಿಗಳು ಇನ್ನೂ ಎಳೆಯವು, ಕೊಂಬೆ ಬಲಿಯಲಿ ಎಂದು ಇವರು ಸಮಾಧಾನ ಹೇಳಿದರು.

ಆ ವರ್ಷದ ಚಳಿಗಾಲದಲ್ಲೇ ಹನುಮಕ್ಕ ಗೋಡೆಯ ಮೇಲಿಂದ ಕೂಗಿದ್ದು.

"ಸ್ವಾಮಿ, ಗಿಡ ಓದಿದೋರಂತೆ ನೀವು. ಒಸಿ ಇಲ್ ನೋಡಿ. ಎಲೆ ಮ್ಯಾಲೆ ಕಾದೆಣ್ಣೆ ಸಿಡಿದಂಗೆ ಆಗೈತೆ."

ಅವಳು ಎತ್ತಿ ಹಿಡಿದ ಸೇವಂತಿಗೆಯ ಕೊಂಬೆಯಲ್ಲಿ ಎಲೆಗಳಿಗೆ ಕಂದು ಚುಕ್ಕೆ. ಮೊಗ್ಗುಗಳು ಅರಳುವ ಮುಂಚೆಯೇ ಅಂಚು ಸುಟ್ಟಂತೆ ಮುದುಡಿದ್ದವು.

"ರೋಗ ಕಣಮ್ಮ. ಸುಣ್ಣ, ಮೈಲುತುತ್ತ ಬೆರೆಸಿ ಹೊಡೀರಿ."

"ರೋಗ ಆದ್ರೆ ಎಲ್ಲಾ ಕಡೆ ಬರಬೇಕಲ್ಲ? ಹೊಗೆ ಇಳಿಯೋ ಕಡೆ ಮಾತ್ರ ಯಾಕ್ ಬತ್ತದೆ?"

"ಹೊಗೆಯಿಂದ ಆಗಿದ್ರೆ ಮೊದಲು ನನ್ನ ಗಿಡ ಹೋಗಬೇಕಿತ್ತು. ನೋಡಿ, ಹೆಂಗಿದಾವೆ," ಎಂದು ಪದ್ಮನಾಭಯ್ಯ ತಮ್ಮ ಸಾಲುಗಳತ್ತ ಕೈ ತೋರಿಸಿದರು. ಹನುಮಕ್ಕ ಆ ಗಿಡಗಳನ್ನು ದಿಟ್ಟಿಸಿ ಗೋಡೆಯಿಂದ ಕೆಳಗಿಳಿದಳು.

ಚಳಿಗಾಲದಲ್ಲಿ ಬೆಂಗಳೂರಿನ ಗಾಳಿ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಅದೂ ನಿಂತ ದಿನ ಮಂಜು ಕವಿದು, ಚಿಮಣಿಯಿಂದ ಹೊರಟದ್ದು ಮೇಲೇರದೆ ನೆಲಕ್ಕೇ ಇಳಿಯುತ್ತಿತ್ತು. ಹಳದಿ ಮಿಶ್ರಿತ ಬಿಳುಪು ಹೊಗೆ ಸೈಟುಗಳ ಮೇಲೆ ತೆವಳಿಕೊಂಡು ನಮ್ಮ ಬೀದಿಗೂ ಬರುತ್ತಿದ್ದುದುಂಟು. ಗಂಟಲಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ ಆಗುತ್ತಿತ್ತು. ವತ್ಸಲಮ್ಮನಿಗೆ ಕೆಮ್ಮು ಹತ್ತಿಕೊಂಡದ್ದು ಆ ಚಳಿಯಲ್ಲೇ. ಒಂದು ಬೆಳಿಗ್ಗೆ ಹಗ್ಗದ ಮೇಲಿನ ಹತ್ತಿ ಸೀರೆಯನ್ನು ಮಡಿಸಲು ತೆಗೆದರೆ ಸೆರಗಿನ ತುಂಬ ಸೂಜಿಯಿಂದ ಚುಚ್ಚಿದಂಥ ತೂತುಗಳು. ಅಗಸಗಿತ್ತಿ ರಾಮಕ್ಕನನ್ನು ಕರೆದು ಬಯ್ದರು. ರಾಮಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು, "ಎಲ್ಲಾರ ಮನೇಲೂ ಹಿಂಗೇ ಆಗ್ತಾ ಅದೆ ಕಣಮ್ಮ, ನಾ ಏನ್ ಮಾಡ್ಲಿ?" ಎಂದಳು.

ಎರಡನೆಯ ವರ್ಷದ ಚಳಿ ಕಳೆಯುವ ಹೊತ್ತಿಗೆ ಪೈನ್ ಗಿಡಗಳ ತುದಿ ಹಳದಿಯಾಗಿತ್ತು. ಹೊಸ ಚಿಗುರಲ್ಲ. ಹೊಸದೆಲ್ಲ ಹಸಿರಾಗಿಯೇ ಇತ್ತು. ಹಿಂದಿನ ವರ್ಷದ ಎಲೆಗಳು ತುದಿಯಿಂದ ಬಣ್ಣ ಬಿಟ್ಟುಕೊಳ್ಳುತ್ತಾ, ಬುಡದಲ್ಲಿ ಮಾತ್ರ ತುಸು ಹಸಿರು ಉಳಿಸಿಕೊಂಡಿದ್ದವು. ಕೈ ತಾಗಿದರೆ ಉದುರುತ್ತಿದ್ದವು. ಶೆಡ್ಡಿಗೆ ಹತ್ತಿರದ ಗಿಡಗಳಲ್ಲಿ ಹೆಚ್ಚು. ಪದ್ಮನಾಭಯ್ಯ ನೀರು ಬದಲಿಸಿದರು, ಬುಡ ಕೆದಕಿಸಿದರು. ಇಳಿಯಲಿಲ್ಲ. ಕೊನೆಗೆ ಒಂದು ಚೀಲದಲ್ಲಿ ಎಲೆ, ಇನ್ನೊಂದರಲ್ಲಿ ಮಣ್ಣು ತುಂಬಿಕೊಂಡು, ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಕಾಲೇಜಿನ ಗೆಳೆಯ ಜಗನ್ನಾಥನ ಬಳಿ ಹೋದರು.

ವಾರಗಳ ನಂತರ ಜಗನ್ನಾಥನೇ ಮನೆಗೆ ಬಂದ. ವತ್ಸಲಾ ಕೊಟ್ಟ ಕಾಫಿ ಆರುತ್ತಿದ್ದರೂ ಲೋಟ ಮುಟ್ಟಲಿಲ್ಲ.

"ನಿನ್ನ ಗಿಡದಲ್ಲಿ ಸಾರಜನಕ ತುಂಬಿ ತುಳುಕ್ತಾ ಇದೆ ಕಣೋ. ನೀನು ಅಷ್ಟು ಗೊಬ್ಬರ ಹಾಕಿಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಗಾಳಿಯಿಂದ ಬಂದಿದೆ. ನಿಮ್ಮ ಕಾರ್ಖಾನೆಯಿಂದ ಅಮೋನಿಯಾ ಸೋರುತ್ತೆ. ಗಿಡ ಅದನ್ನ ಉಂಡು ಉಂಡು ಕೊಬ್ಬಿದೆ. ಅದಕ್ಕೇ ಆ ಹಸಿರು. ಆದ್ರೆ ಮೆಗ್ನೀಸಿಯಮ್ ನೆಲ ಕಚ್ಚಿದೆ, ಸುಣ್ಣದ ಅಂಶನೂ ಅಷ್ಟೇ. ಗಂಧಕದ ಹೊಗೆ ಮಂಜಿನಲ್ಲಿ ಕರಗಿ ಆಸಿಡ್ ಆಗುತ್ತೆ, ಎಲೆಯಿಂದ ಅವನ್ನ ತೊಳೆದು ಹಾಕುತ್ತೆ. ಮಣ್ಣಿನಲ್ಲಿರೋದನ್ನೂ ಬಿಡಲ್ಲ, ಬೇರಿಗೆ ಸಿಗದ ಆಳಕ್ಕೆ ಇಳಿಸಿಬಿಡುತ್ತೆ. ಬೆಳೆಯೋ ಚಿಗುರು ಕೇಳಿದಾಗ ಕೊಡೋಕೆ ಏನೂ ಇಲ್ಲದೆ ಗಿಡ ತನ್ನ ಹಳೇ ಎಲೆಯಿಂದಲೇ ಕಿತ್ತು ಕೊಡ್ತಾ ಇದೆ. ಅದೇ ಹಳದಿ."

"ಅಂದ್ರೆ ಹೊಟ್ಟೆ ತುಂಬಾ ತಿಂದು..."

"ಹಸಿವಿನಿಂದ ಸಾಯ್ತಾ ಇದೆ. ಹ್ಞೂ."

ಒಳಗೆ ವತ್ಸಲಾ ಕೆಮ್ಮುತ್ತಿದ್ದಳು.

ಹೋಗುವಾಗ ಜಗನ್ನಾಥ ಒಂದು ಉಪಾಯ ಹೇಳಿದ. ಔಷಧಿ ಅಂಗಡಿಯಲ್ಲಿ ಸಿಗುವ ಭೇದಿ ಉಪ್ಪಿನಲ್ಲಿ ಇರುವುದು ಅದೇ ಮೆಗ್ನೀಸಿಯಮ್. ನೀರಿನಲ್ಲಿ ಕರಗಿಸಿ ಎಲೆಗೆ ಹೊಡೆದರೆ ತಾತ್ಕಾಲಿಕವಾಗಿ ಚೇತರಿಸಿಕೊಳ್ಳಬಹುದು. ಪದ್ಮನಾಭಯ್ಯ ಚೀಲಗಟ್ಟಲೆ ಭೇದಿ ಉಪ್ಪು ಕೇಳಿದಾಗ ಅಂಗಡಿಯವನು ನಕ್ಕು, "ಏನ್ ಸ್ವಾಮಿ, ಕಾರ್ಖಾನೆಗೆಲ್ಲಾ ಒಟ್ಟಿಗೆ ಹೊಟ್ಟೆ ಕೆಟ್ಟಿದೆಯಾ?" ಎಂದನಂತೆ.

ಉಪ್ಪು ಕೆಲಸ ಮಾಡಿತು. ಮಳೆಗಾಲದ ಹೊತ್ತಿಗೆ ಗಿಡಗಳು ಮತ್ತೆ ಹಸಿರಾದವು. ಹೊಗೆಯೂ ಕಾರಣ ಎಂಬ ಮಾತನ್ನು ಪದ್ಮನಾಭಯ್ಯ ಮ್ಯಾನೇಜರ ಕಿವಿಗೆ ಹಾಕಿದ್ದರು. "ಆಗಲಿ, ಚಿಮಣಿ ವಿಚಾರ ನೋಡೋಣ. ಸದ್ಯ ಗಿಡ ಉಳಿಸ್ಕೊಳ್ಳಿ," ಎಂದಿದ್ದರು ಅವರು. ಗಿಡ ಉಳಿಯಿತು. ಚಿಮಣಿಯ ವಿಚಾರ ಅಲ್ಲಿಗೇ ನಿಂತಿತು.

ಐವತ್ತಾರರ ದೀಪಾವಳಿ ಕಳೆದ ಮೇಲೆ ಸುತ್ತಲಿನ ರೈತರ ದೂರಿನ ಮೇಲೆ ತನಿಖೆ ನಡೆಸಲು ಸರ್ಕಾರದ ಸಮಿತಿಯೊಂದು ಬಂತು. ಪೇಟ ಸುತ್ತಿದ ವಯಸ್ಸಾದ ಎಂಜಿನಿಯರೊಬ್ಬರು ಅದರ ಮುಖ್ಯಸ್ಥರು. ಹನುಮಕ್ಕ ಒಂದು ಮಂಕರಿ ತುಂಬ ಸುಟ್ಟ ಹೂಗಳನ್ನು ತಂದು ಅವರ ಮುಂದೆ ಸುರಿದಳು. ಹಸು ಮೇವು ಮುಟ್ಟುವುದಿಲ್ಲ ಎಂದಳು. ಮೊಮ್ಮಗಳಿಗೆ ಉಸಿರು ಕಟ್ಟುತ್ತದೆ ಎಂದಳು.

ಶ್ಯಾಮಸುಂದರ ಅಡ್ಡ ಬಾಯಿ ಹಾಕದೆ ಎಲ್ಲವನ್ನೂ ಕೇಳಿದರು. ಆಮೇಲೆ ಸಮಿತಿಯವರನ್ನು ಪಡುವಣ ಗೋಡೆಯ ಬಳಿಗೆ ಕರೆತಂದರು.

"ಪೈನ್ ಮರ ಶುದ್ಧ ಗಾಳಿ ಇಲ್ಲದ ಕಡೆ ಬದುಕಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಸಾರ್. ಇವು ಚಿಮಣಿ ಬುಡದಲ್ಲೇ ಇವೆ. ಇದಕ್ಕಿಂತ ಒಳ್ಳೆ ಸಾಕ್ಷಿ ನನ್ನ ಹತ್ತಿರ ಇಲ್ಲ."

ಮುಖ್ಯಸ್ಥರು ಒಂದು ಕೊಂಬೆಯನ್ನು ಸವರಿ ನೋಡಿ ಪದ್ಮನಾಭಯ್ಯನವರ ಕಡೆ ತಿರುಗಿದರು. "ಏನಾದರೂ ವಿಶೇಷ ಆರೈಕೆ ಮಾಡ್ತೀರೇನು ಇವಕ್ಕೆ?"

ಮ್ಯಾನೇಜರು ಆಕಾಶ ನೋಡುತ್ತಿದ್ದರು. ಹನುಮಕ್ಕ ಇವರನ್ನೇ ನೋಡುತ್ತಿದ್ದಳು.

"ನೀರು, ಗೊಬ್ಬರ... ಸಾಮಾನ್ಯ ಆರೈಕೆ ಸಾರ್," ಎಂದರು ಪದ್ಮನಾಭಯ್ಯ.

ಚಳಿಗಾಲ ಮುಗಿದ ಮೇಲೆ ಇನ್ನೊಮ್ಮೆ ಬಂದು ನೋಡಿ ಅಭಿಪ್ರಾಯ ಕೊಡುವುದಾಗಿ ಹೇಳಿ ಸಮಿತಿ ಹೊರಟಿತು.

ಸಂಜೆ ಪದ್ಮನಾಭಯ್ಯ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೇ ಕೂತರು. ನಡೆದದ್ದನ್ನು ಹೆಂಡತಿಗೆ ಹೇಳಿದರು. ಅವಳು ಬಯ್ಯಲಿಲ್ಲ. "ಅವರು ನಿಮ್ಮನ್ನೇ ಕೇಳಿದ್ರು ಅಲ್ವಾ?" ಎಂದಷ್ಟೇ ಕೇಳಿದಳು. ಅವರು ತಲೆಯಾಡಿಸಿದರು. ಎದೆ ಹಿಡಿದುಕೊಂಡು ಕೆಮ್ಮುತ್ತಾ ಅವಳು ಒಳಗೆ ಹೋದಳು. ತಾವು ಗಿಡಗಳಿಗೆ ಮಾಡಿದ ಚಿಕಿತ್ಸೆಯೇ ಊರಿನವರ ಬಾಯಿ ಮುಚ್ಚಿಸಿತು ಎಂಬುದು ಅವರಿಗೆ ಅಲ್ಲಿ ಕೂತೇ ಅರ್ಥವಾದದ್ದು.

ಮರುದಿನದಿಂದ ಅವರು ಉಪ್ಪು ಹೊಡೆಸುವ ಕ್ರಮ ಬದಲಿಸಿದರು. ಒಂದು ಸಾಲಿಗೆ ಹೊಡೆಸಿದರೆ ಪಕ್ಕದ ಸಾಲಿಗಿಲ್ಲ. ಒಂದೇ ಮಣ್ಣು, ಒಂದೇ ನೀರು, ಒಂದೇ ಹೊಗೆ. ಎರಡನ್ನೂ ಅಕ್ಕಪಕ್ಕ ನೋಡಿದ ಯಾರಿಗೂ ಇನ್ನೊಂದು ಮಾತು ಬೇಕಾಗಬಾರದು ಎಂಬುದು ಅವರ ಲೆಕ್ಕ. ಬಿಟ್ಟ ಸಾಲಿನ ಮುಂದೆ ಹಾದುಹೋಗುವಾಗ ಮಾತ್ರ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರಂತೆ. ಪ್ರತಿ ಗಿಡವನ್ನೂ ತಾವೇ ಗುಂಡಿಗೆ ಇಳಿಸಿದ್ದವರು.

ಸಂಕ್ರಾಂತಿಯ ಹೊತ್ತಿಗೆ ತೋಟ ಪಟ್ಟೆಪಟ್ಟೆಯಾಗಿತ್ತು. ಮೇಲಿನ ಆಫೀಸಿನ ಕಿಟಕಿಯಿಂದ ಅದನ್ನು ಕಂಡ ಮ್ಯಾನೇಜರು ಇವರನ್ನು ಕರೆಸಿದರು.

"ಏನ್ರೀ ಇದು? ಹುಲಿ ಚರ್ಮ ಹಾಸಿದ ಹಾಗಿದೆ."

ಪದ್ಮನಾಭಯ್ಯ ಮುಚ್ಚಿಡಲಿಲ್ಲ. "ಉಪ್ಪು ಹೊಡೆದಿದ್ದು ಹಸಿರಾಗಿದೆ, ಹೊಡೆಯದಿದ್ದು ಸಾಯ್ತಾ ಇದೆ ಸಾರ್. ಸಮಿತಿಯವರು ಎರಡನ್ನೂ ನೋಡಲಿ ಅಂತ."

ಶ್ಯಾಮಸುಂದರ ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿ ತೋರಿಸಿದರು.

"ನಿಮ್ಮ ಮನೆಯವರಿಗೆ ಕೆಮ್ಮು ವಾಸಿಯಾಗಿಲ್ಲ ಅಂತ ಕೇಳಿದೆ. ನನಗೆ ಗೊತ್ತಿರೋ ಡಾಕ್ಟರು ಇದಾರೆ, ಹೇಳ್ತೀನಿ. ಈ ಊರಲ್ಲಿ ಗಿಡದ ಶಾಸ್ತ್ರ ಓದಿದೋರಿಗೆ ಕೆಲಸ ಸಿಗೋದು ಕಷ್ಟ ಅಲ್ವೇ ಪದ್ಮನಾಭ? ಯೋಚನೆ ಮಾಡಿ."

ಮುಂದಿನ ಸೋಮವಾರ ಕೆಲಸಕ್ಕೆ ಬಂದರೆ ಹಳದಿ ಸಾಲುಗಳು ಇರಲಿಲ್ಲ. ಅವುಗಳಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಗುಂಡಿಗಳನ್ನು ಮುಚ್ಚಿ, ಮೇಲೆ ಹುಲ್ಲಿನ ಹಾಸು ತಂದು ಕೂರಿಸಿದ್ದರು. ಎರಡೆರಡು ಸಾಲಿನ ನಡುವೆ ನಡೆದಾಡಲು ಮೊದಲಿಂದಲೂ ಬಿಟ್ಟ ಜಾಗವೇನೋ ಎಂಬಂತೆ ಅಚ್ಚುಕಟ್ಟಾಗಿತ್ತು. ತೋಟದ ಆಳುಗಳು ಇವರ ಮುಖ ನೋಡದೆ ನೀರು ಹೊರುತ್ತಿದ್ದರು.

ಗೋಡೆಯ ಆಚೆಯಿಂದ ಹನುಮಕ್ಕ ಕೂಗಿದಳು. "ನಿಮ್ ಗಿಡ ಹುಡುಕ್ತಾ ಇದೀರಾ? ಇಲ್ಲೇ ಅವೆ ಬನ್ನಿ."

ಕೂಲಿಯವರು ಕಿತ್ತ ಗಿಡಗಳನ್ನು ಭಾನುವಾರ ಗೋಡೆಯಿಂದಾಚೆ ಅವಳ ಹೊಲದ ಬದುವಿಗೆ ಎಸೆದು ಹೋಗಿದ್ದರು. ಒಲೆಗಾದರೂ ಆಗುತ್ತದೆಂದು ಅವಳು ಗುಡ್ಡೆ ಹಾಕಿಕೊಂಡಿದ್ದಳು. ಪದ್ಮನಾಭಯ್ಯ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಗಿಡವನ್ನು ಮಗುಚಿದರು. ಮೇಲೆ ಆಳೆತ್ತರದ ಗಿಡ. ಕೆಳಗೆ ಬೇರು ಇಲ್ಲ ಎನ್ನುವಷ್ಟು ಕಡಿಮೆ. ನಾಲ್ಕು ಮೋಟು ಬೇರುಗಳು, ಆಸಿಡ್ ಇಳಿದ ಮಣ್ಣಿನಲ್ಲಿ ತುದಿ ಕಪ್ಪಾಗಿ ಕೊಳೆತಿದ್ದವು. ಮಣ್ಣನ್ನು ಹಿಡಿಯುವ ಎಳೆಬೇರು ಎಲ್ಲೂ ಇರಲಿಲ್ಲ. ಇನ್ನೊಂದನ್ನು ಮಗುಚಿದರು, ಮತ್ತೊಂದನ್ನು. ಎಲ್ಲವೂ ಹಾಗೇ. ಎಲೆಯ ಬಣ್ಣವನ್ನೇ ನೋಡುತ್ತಾ ವರ್ಷಗಳನ್ನು ಕಳೆದ ಅವರು ಬೇರನ್ನು ನೋಡಿದ್ದು ಅದೇ ಮೊದಲು.

"ಇವನ್ನ ಒಲೆಗೆ ಹಾಕಬೇಡಿ ಹನುಮಕ್ಕ. ಸಮಿತಿಯೋರು ಬರೋವರ್ಗೂ ಇಟ್ಟುಕೊಂಡಿರಿ."

"ಇಟ್ಟುಕೊಂಡ್ರೆ ನೀವು ಬಾಯಿ ಬಿಡ್ತೀರಾ?"

"ಬಿಡ್ತೀನಿ."

"ಅವತ್ತು ಯಾಕ್ ಬಿಡ್ಲಿಲ್ಲ?"

"ಹೆದರಿದ್ದೆ," ಎಂದರು ಪದ್ಮನಾಭಯ್ಯ. ಹನುಮಕ್ಕ ಅಷ್ಟಕ್ಕೆ ಬಿಟ್ಟಳು. ಹಳೆಯ ಗೋಣಿಗಳನ್ನು ತಂದು ಗುಡ್ಡೆಯ ಮೇಲೆ ಹೊದಿಸಿದಳು.

ಶಿವರಾತ್ರಿಯಾದ ಮೇಲೆ ಸಮಿತಿ ಮತ್ತೆ ಬಂತು. ಶ್ಯಾಮಸುಂದರ ಮತ್ತೆ ಅದೇ ಗೋಡೆಯ ಬಳಿ ನಿಂತು, ಉಳಿದ ಹಸಿರು ಸಾಲುಗಳನ್ನು ತೋರಿಸಿ ಮಾತು ಶುರು ಮಾಡಿದ್ದರು. ಪದ್ಮನಾಭಯ್ಯ ನಡುವೆ ಬಂದು ನಿಂತರು.

"ಸಾರ್, ಹಿಂದಿನ ಸಲ ನೀವು ನನ್ನನ್ನ ಒಂದು ಪ್ರಶ್ನೆ ಕೇಳಿದ್ರಿ. ನಾನು ಸುಳ್ಳು ಹೇಳಿದೆ."

ಉಪ್ಪಿನ ವಿಷಯ ಹೇಳಿದರು. ಬಿಟ್ಟ ಸಾಲುಗಳ ವಿಷಯ ಹೇಳಿದರು. ಮ್ಯಾನೇಜರು, "ಇವರಿಗೂ ನಮಗೂ ಸಂಬಳದ ವಿಚಾರದಲ್ಲಿ ಸ್ವಲ್ಪ ಮನಸ್ತಾಪ ಇದೆ ಸಾರ್," ಎಂದು ನಕ್ಕರು. ಅಷ್ಟರಲ್ಲಿ ಹನುಮಕ್ಕ ಗೇಟಿನಿಂದ ಒಳಗೆ ಬಂದಳು, ತಲೆಯ ಮೇಲೆ ಒಣಗಿದ ಪೈನ್ ಗಿಡಗಳ ಹೊರೆ. ಕಾವಲುಗಾರ ತಡೆಯಲು ಹೋದಾಗ ಮುಖ್ಯಸ್ಥರೇ ಬಿಡು ಎಂದು ಕೈಸನ್ನೆ ಮಾಡಿದರು. ಅವಳು ಹೊರೆ ಇಳಿಸಿದ ರಭಸಕ್ಕೆ ಉಳಿದ ಎಲೆಗಳೂ ಉದುರಿ ಅವರ ಬೂಟಿನ ಮೇಲೆ ಬಿದ್ದವು.

"ಕಿತ್ತು ಬಿಸಾಕಿದ ಗಿಡ ಒಣಗಿರುತ್ತೆ, ಅದರಲ್ಲೇನು ವಿಶೇಷ?" ಎಂದರು ಶ್ಯಾಮಸುಂದರ.

ಪದ್ಮನಾಭಯ್ಯ ಹಸಿರು ಸಾಲಿನ ಮೊದಲನೆಯ ಗಿಡದ ಬಳಿ ಹೋದರು. ತೋಟದಲ್ಲೆಲ್ಲ ಚೆಂದವಾಗಿ ಬೆಳೆದದ್ದು ಅದೇ. ಬಂದವರು ಫೋಟೋ ತೆಗೆಸಿಕೊಳ್ಳುತ್ತಿದ್ದುದೂ ಅದರ ಪಕ್ಕದಲ್ಲೇ. ಬುಡಕ್ಕೆ ಕೈ ಹಾಕಿ ಎಳೆದರು. ಅಷ್ಟೆತ್ತರದ ಗಿಡ ಮೂಲಂಗಿಯಂತೆ ಮೇಲೆ ಬಂತು. ಅವರ ಕೈಯಲ್ಲಿ ಹಚ್ಚಗೆ ಹೊಳೆಯುವ ಕೊಂಬೆಗಳು, ಕೆಳಗೆ ಅವೇ ಕಪ್ಪು ಮೋಟು ಬೇರುಗಳು.

ಮುಖ್ಯಸ್ಥರು ತಾವೇ ಮುಂದೆ ಹೋಗಿ ಇನ್ನೊಂದು ಗಿಡವನ್ನು ಎಳೆದು ನೋಡಿದರು. ಅದೂ ಬಂತು. ಮೂರನೆಯದನ್ನು ಮುಟ್ಟಲಿಲ್ಲ. ಕೈಯ ಮಣ್ಣು ಒರೆಸಿಕೊಳ್ಳುತ್ತಾ ಚಿಮಣಿಯ ಕಡೆ ತಲೆಯೆತ್ತಿ ನಿಂತರು.

ಆ ಸಂಜೆಯೇ ಪದ್ಮನಾಭಯ್ಯನವರ ಕೆಲಸ ಹೋಯಿತು. ಮಳೆಗಾಲಕ್ಕೆ ಮುಂಚೆ ಸಮಿತಿಯ ತೀರ್ಮಾನ ಹೊರಬಿತ್ತು. ಕಾರ್ಖಾನೆ ಮುಚ್ಚಬೇಕಾಗಿಲ್ಲ, ತಗಡಿನ ಚಿಮಣಿ ತೆಗೆದು ಇಟ್ಟಿಗೆಯ ಎತ್ತರದ ಚಿಮಣಿ ಕಟ್ಟಬೇಕು ಎಂದು. ಕಟ್ಟಿದರು. ದೇವಸ್ಥಾನದ ಗೋಪುರಕ್ಕಿಂತ ಎತ್ತರ ಎಂದು ಜನ ನೋಡಲು ಹೋಗುತ್ತಿದ್ದರು. ಆ ಚಳಿಗಾಲದಲ್ಲಿ ನಮ್ಮ ಬೀದಿಗೆ ಹೊಗೆ ಇಳಿಯಲಿಲ್ಲ. ಹನುಮಕ್ಕನ ಸೇವಂತಿಗೆ ಅರಳಿತು. ಮೊದಲ ಕೊಯ್ಲಿನ ಹೂವನ್ನು ತಾನೇ ತಂದು ವತ್ಸಲಮ್ಮನ ಮಡಿಲಿಗೆ ಹಾಕಿ ಹೋದಳು. ವತ್ಸಲಮ್ಮನ ಎದೆ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳುವುದು ಕಡೆಯವರೆಗೂ ಹಾಗೇ ಉಳಿಯಿತು.

ಪದ್ಮನಾಭಯ್ಯನವರಿಗೆ ಮಾಗಡಿ ರಸ್ತೆಯಲ್ಲಿ ಪಡುವಣಕ್ಕೆ ಇನ್ನೂ ಮುಂದೆ, ಬ್ಯಾಡರಹಳ್ಳಿಯ ಕಡೆಯ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ದಿನಾ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಸುತ್ತ ರಾಗಿ ಹೊಲ, ಹುಣಸೆ ತೋಪು. ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಹೊಂಗೆ, ಬೇವು ನೆಡಿಸಿದರು. ಪೈನ್ ಬೇಡವೇ ಎಂದು ನಮ್ಮಪ್ಪ ಚೇಷ್ಟೆ ಮಾಡಿದರೆ ನಗುತ್ತಿದ್ದರು. ಅಲ್ಲಿನ ಮೊದಲ ಎರಡು ವರ್ಷ ಅವರು ನೆಮ್ಮದಿಯಾಗಿದ್ದರು ಎಂದು ವತ್ಸಲಮ್ಮ ಹೇಳುತ್ತಿದ್ದರು.

ಐವತ್ತೊಂಬತ್ತರ ಡಿಸೆಂಬರಿನ ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ನಡುವೆ ಒಬ್ಬಳು ಕೆಮ್ಮಿದಳು. ಅವಳ ಹಿಂದಿನವಳು ಕೆಮ್ಮಿದಳು. ಪದ್ಮನಾಭಯ್ಯ ಮೂಗು ಅರಳಿಸಿ ಗಾಳಿಯನ್ನು ಎಳೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಹೆಡ್‌ಮೇಷ್ಟರು ಬೈರಪ್ಪ, ಅದೇ ಊರಿನವರು, ಶಾಲು ಬಿಗಿಯಾಗಿ ಹೊದ್ದುಕೊಂಡರು.

"ಈ ವರ್ಷ ಚಳಿ ಜಾಸ್ತಿ ಕಣ್ರೀ," ಎಂದರು ಬೈರಪ್ಪ.

"ಇದು ಚಳಿ ಅಲ್ಲ. ಮಕ್ಕಳನ್ನ ಒಳಗೆ ಕಳಿಸಿ. ಕಿಟಕಿ ಮುಚ್ಚಿಸಿ. ಕಾರ್ಖಾನೆ ಹೊಗೆ ಇದು, ಆ ಎತ್ತರದ ಚಿಮಣಿಯಿಂದ ಮೇಲೇ ತೇಲಿಬಂದು ಇಲ್ಲಿ ಇಳೀತಾ ಇದೆ."

ಬೈರಪ್ಪ ಮೂಡಣದ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಹೊಲ, ಹುಣಸೆಮರ, ಬಿಳಿ ಮಂಜು.

"ಯಾವ ಕಾರ್ಖಾನೆ ಸ್ವಾಮಿ?" ಎಂದರು. "ಇಲ್ಲಿಂದ ಏನೂ ಕಾಣ್ಸೋದೇ ಇಲ್ವಲ್ಲ."